ಎಂಟು ವರ್ಷಗಳ ಪಣ

ವರ್ಷಕ್ಕೆ 1 ಕೋಟಿ 60 ಲಕ್ಷ ಡಾಲರುಗಳಂತೆ ಎಂಟು ವರ್ಷ ಕೊಡುತ್ತೇವೆ, ನಮ್ಮ ತಂಡದಲ್ಲಿಯೇ ಇರು ಎಂದು ಕೇಳಿದರೆ ಒಲ್ಲೆನೆನ್ನುವ ಆಟಗಾರ ಎಂಥವನಿರಬೇಕು! 2025ರ ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಉತ್ತರದಂಚಿನ ಮಿನ್ನೆಸೋಟ ರಾಜ್ಯದ ಹಾಕಿ ಪ್ರೇಮಿಗಳ ಬಾಯಲ್ಲಿ ಇದೊಂದೇ ಮಾತು. ಆಟಗಾರನ ಹೆಸರು ಕಿರಿಲ್ ಕಪ್ರೀಜೊವ್. ಹುಟ್ಟಿದ್ದು ರಷ್ಯದ ಸೈಬೀರಿಯ ಸೀಮೆಯಲ್ಲಿ, ವಯಸ್ಸು 28. ತಂಡ ಸೇಂಟ್ ಪಾಲ್ ನಗರದ 'ಮಿನ್ನೆಸೋಟ ವೈಲ್ಡ್'. ಒಟ್ಟು 12 ಕೋಟಿ 80 ಲಕ್ಷ ಡಾಲರುಗಳ ಆ ಸಲುಗೆಯನ್ನು ಅವನು ನಿರಾಕರಿಸಿದನೆಂದು ಪತ್ರಿಕೆಗಳು ವರದಿ ಮಾಡಿದಾಗ ಕೆಲವರು ಅವನನ್ನು ದುರಾಸೆಯವನೆಂದರು, ಕೆಲವರು ತಂಡದ ಯಜಮಾನನನ್ನು ಜಿಪುಣನೆಂದರು. ಹಣವನ್ನು ಬದಿಗಿಟ್ಟು ಇನ್ನೊಂದು ಪ್ರಶ್ನೆಯನ್ನು ಕೇಳಿದವರೂ ಇದ್ದರು: ಗೋಲು ಹೊಡೆಯುವ ಒಬ್ಬ ಬದಿಯಾಟಗಾರನನ್ನು ಅವನ ಮೂವತ್ತೇಳನೆಯ ವಯಸ್ಸಿನವರೆಗೆ ಕಟ್ಟಿಹಾಕಿಕೊಳ್ಳುವುದು ತಂಡಕ್ಕೆ ಕ್ಷೇಮವೇ?

ಹಾಕಿ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ, ಬಿಳಿಯ ಚೆಂಡು, ತುದಿ ಬಾಗಿದ ಕೋಲು. ಮಿನ್ನೆಸೋಟದ ಹಾಕಿ ಬೇರೆ. ಅಲ್ಲಿ ಕಣವೆಲ್ಲ ಮಂಜುಗಡ್ಡೆ. ಆಟಗಾರನ ಪಾದರಕ್ಷೆಗೆ ಉಕ್ಕಿನ ಅಲಗು. ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ, ಅದಕ್ಕೆ 'ಪಕ್' ಎಂದು ಹೆಸರು. ಗೋಲುಗಾರನೂ ಸೇರಿ ಒಮ್ಮೆಗೆ ಆರೇ ಜನ ಕಣದಲ್ಲಿರುತ್ತಾರೆ. ಮುಕ್ಕಾಲು ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಮೈಮರೆತು ಆಡಿ, ಉಸಿರು ಕಟ್ಟಿದೊಡನೆ ಬೆಂಚಿಗೆ ಮರಳುತ್ತಾರೆ. ಹೊಸ ಕಾಲಿನವರು ಕಟಕಟೆ ಹಾರಿ ಕಣಕ್ಕಿಳಿಯುತ್ತಾರೆ. ಮುಂದಾಳುಗಳು ಮೂವರು: ನಡುವೆ ಒಬ್ಬ, ಎಡಬಲಗಳಲ್ಲಿ ಇಬ್ಬರು. ಈ ಇಬ್ಬರನ್ನು ಅಲ್ಲಿಯವರು 'ವಿಂಗರ್' ಎನ್ನುತ್ತಾರೆ. ನಮ್ಮ ಹಳೆಯ ಹಾಕಿಯ ಮಾತಿನಲ್ಲಿ ಲೆಫ್ಟ್ ಔಟ್, ರೈಟ್ ಔಟ್ ಎಂದರೆ ಸಾಕು, ಚಿತ್ರ ಸ್ಪಷ್ಟವಾಗುತ್ತದೆ.

ಕಪ್ರೀಜೊವ್ ಎಡಬದಿಯವನು. 1997ರ ಏಪ್ರಿಲ್ 26ರಂದು, ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾದ ನೊವೊಕುಜ್ನೆಟ್ಸ್ಕ್ ಪಟ್ಟಣದಲ್ಲಿ ಜನಿಸಿದ. ಅಮೆರಿಕ ಮತ್ತು ಕೆನಡಗಳ ನ್ಯಾಷನಲ್ ಹಾಕಿ ಲೀಗಿನಲ್ಲಿ ಪ್ರತಿ ವರ್ಷವೂ ಹದಿಹರೆಯದ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿಯುಂಟು. 2015ರಲ್ಲಿ ಕಪ್ರೀಜೊವನ ಹೆಸರನ್ನು ಕೂಗಿದ್ದು ಐದನೆಯ ಸುತ್ತಿನಲ್ಲಿ, 134 ಮಂದಿಯ ಹೆಸರು ಮುಗಿದ ಮೇಲೆ. ಅಂದು ಅವನಿಗೆ ಯಾರೂ ಹೆಚ್ಚಿನ ಬೆಲೆ ಕಟ್ಟಿರಲಿಲ್ಲ. ಮುಂದಿನ ಐದು ವರ್ಷ ಅವನು ರಷ್ಯದಲ್ಲಿಯೇ ಆಡಿದ. 2018ರ ಚಳಿಗಾಲದ ಒಲಿಂಪಿಕ್ ಪಂದ್ಯಗಳು ಕೊರಿಯದ ಪ್ಯೋಂಗ್‌ಚಾಂಗಿನಲ್ಲಿ ನಡೆದವು. ಅಂತಿಮ ಪಂದ್ಯದಲ್ಲಿ ಜರ್ಮನಿಯೊಡನೆ 3-3 ಸಮವಾಗಿ, ಹೆಚ್ಚಿನ ವೇಳೆಯ ಆಟ ನಡೆಯುತ್ತಿದ್ದಾಗ ಚಿನ್ನದ ಗೋಲು ಹೊಡೆದವನು ಈ ಇಪ್ಪತ್ತರ ಹುಡುಗ. ಮಿನ್ನೆಸೋಟದ ಜನ ಸಮುದ್ರದಾಚೆಯಿಂದ ಅದನ್ನು ನೋಡಿ, ಇವನು ನಮ್ಮವನಾಗುವುದೆಂದು ಎಂದು ನಿಟ್ಟುಸಿರು ಬಿಟ್ಟರು.

ಕೊನೆಗೂ ಬಂದ. 2020-21ರ ಮೊದಲ ಋತುವಿನಲ್ಲಿ 55 ಪಂದ್ಯಗಳಲ್ಲಿ 27 ಗೋಲು. ವರ್ಷದ ಶ್ರೇಷ್ಠ ಹೊಸಬನೆಂಬ ಕಾಲ್ಡರ್ ಪ್ರಶಸ್ತಿ. ಮರುವರ್ಷ 47 ಗೋಲು, ಜೊತೆಯವರಿಗೆ ಗೋಲು ಹೊಡೆಯಲು ನೆರವಾದದ್ದು 61 ಬಾರಿ, ಒಟ್ಟು 108 ಅಂಕ. ಆ ತಂಡದಲ್ಲಿ ಅದುವರೆಗೆ ಯಾರೂ ಒಂದು ಋತುವಿನಲ್ಲಿ ನೂರು ಮುಟ್ಟಿರಲಿಲ್ಲ. ಹತ್ತು ಸಾವಿರ ಸರೋವರಗಳ ನಾಡೆಂದು ಹೇಳಿಕೊಳ್ಳುವ ಆ ರಾಜ್ಯದಲ್ಲಿ ಚಳಿ ಬಂತೆಂದರೆ ಕೆರೆಯೆಲ್ಲ ಕಣವಾಗುತ್ತದೆ. ನಡೆಯಲು ಕಲಿತ ಮಗುವಿನ ಕೈಗೆ ಕೋಲು ಬರುತ್ತದೆ. 1980ರ ಒಲಿಂಪಿಕ್ಕಿನಲ್ಲಿ ರಷ್ಯನರನ್ನು ಸೋಲಿಸಿ ಚಿನ್ನ ಗೆದ್ದ ಅಮೆರಿಕದ 20 ಆಟಗಾರರಲ್ಲಿ 12 ಮಂದಿ ಇಲ್ಲಿಯವರು. ಇಂಥ ಜನರ ಹೃದಯವನ್ನು ಇಂಗ್ಲಿಷು ಸರಿಯಾಗಿ ಬಾರದ ರಷ್ಯನ್ ಹುಡುಗನೊಬ್ಬ ಒಂದೇ ಚಳಿಗಾಲದಲ್ಲಿ ಗೆದ್ದುಕೊಂಡನೆಂದರೆ ಅವನ ಆಟದಲ್ಲಿ ಏನಿತ್ತೆಂಬುದನ್ನು ಊಹಿಸಬಹುದು.

ಹಾಗಾದರೆ ಕೇಳಿದಷ್ಟು ಕೊಟ್ಟು ಇರಿಸಿಕೊಳ್ಳಲು ಅಡ್ಡಿಯೇನು? ಯಜಮಾನನಲ್ಲಿ ಹಣಕ್ಕೇನೂ ಬರವಿಲ್ಲ. ಅಡ್ಡಿಯಿರುವುದು ಲೀಗಿನ ಕಟ್ಟಳೆಯಲ್ಲಿ. ಯಜಮಾನರಿಗೂ ಆಟಗಾರರಿಗೂ ಜಗಳ ಹತ್ತಿ 2004-05ರ ಇಡೀ ಋತುವೇ ನಡೆಯದೆ ಹೋಯಿತು. ರಾಜಿಯಾದಾಗ ಹುಟ್ಟಿದ್ದು ಸಂಬಳದ ಮಿತಿ. ಒಂದು ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿ ವರ್ಷಕ್ಕೆ ಇಂತಿಷ್ಟೇ ವ್ಯಯಿಸತಕ್ಕದ್ದು; ಮಿತಿ ದಾಟುವಂತಿಲ್ಲ. 2005-06ರಲ್ಲಿ ಅದು 3 ಕೋಟಿ 90 ಲಕ್ಷ ಡಾಲರು. 2026-27ಕ್ಕೆ ಗೊತ್ತುಮಾಡಿದ್ದು 10 ಕೋಟಿ 40 ಲಕ್ಷ. ಇಷ್ಟರಲ್ಲಿ 23 ಮಂದಿಯ ಪಟ್ಟಿಯನ್ನು ತುಂಬಬೇಕು. ಸರಾಸರಿ ಹಾಕಿದರೆ ತಲೆಗೆ 45 ಲಕ್ಷ ಬೀಳುತ್ತದೆ. ಒಬ್ಬನಿಗೆ 1 ಕೋಟಿ 70 ಲಕ್ಷ ಕೊಟ್ಟರೆ ಹೆಚ್ಚುಕಡಮೆ ನಾಲ್ವರ ಪಾಲು ಅವನೊಬ್ಬನಿಗೆ ಹೋಯಿತು. ತಿಂಗಳ ಸಂಬಳವನ್ನು ಎದುರಿಗಿಟ್ಟುಕೊಂಡು ಬಾಡಿಗೆ, ಹಾಲು, ಮಕ್ಕಳ ಫೀಜು ಎಂದು ಲೆಕ್ಕ ಹಾಕುವ ಗೃಹಿಣಿಗೆ ಈ ಸಂಕಟವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದರ ಮೇಲೆ ಹಾಕಿ ಪಂಡಿತರ ಒಂದು ಸೂತ್ರವಿದೆ. ಹಣವನ್ನು ನಡುವಿನ ಆಟಗಾರನಿಗೆ ಕೊಡಿ, ಹಿಂದಾಳಿಗೆ ಕೊಡಿ, ಗೋಲುಗಾರನಿಗೆ ಕೊಡಿ. ಬದಿಯಾಟಗಾರ ಕೊನೆಗೆ ಎಂದು. ಪಂದ್ಯ ನಿಂತು ಮತ್ತೆ ಆರಂಭವಾಗುವಾಗ ಪಕ್ಕಿಗಾಗಿ ಸೆಣಸುವವನು ನಡುವಿನವನು. ಎದುರಾಳಿ ಮೇಲೆ ಬಿದ್ದಾಗ ಹಿಂದೋಡಿ ತಡೆಯುವವನೂ ಅವನೇ. ಬದಿಯಾಟಗಾರ ಗೋಡೆಯಂಚಿನಲ್ಲಿ ಕಾದಿದ್ದು ತನಗೆ ಬಂದದ್ದನ್ನು ಗೋಲಾಗಿಸುತ್ತಾನೆ. ಗೋಲು ಹೊಡೆಯುವ ಚಾಕಚಕ್ಯವಾದರೋ ಇಪ್ಪತ್ತರ ನಡುವಿನಲ್ಲಿ ಏರಿ ಮೂವತ್ತು ದಾಟಿದ ಮೇಲೆ ಸಾಮಾನ್ಯವಾಗಿ ಇಳಿಯುವಂಥದು. ಕಾಲಿನ ವೇಗದಲ್ಲಿ ಕೂದಲೆಳೆಯಷ್ಟು ಕಡಮೆಯಾದರೂ ಮೊದಲು ಕಾಣಿಸಿಕೊಳ್ಳುವುದು ಬದಿಯವನ ಲೆಕ್ಕದಲ್ಲಿ.

ಮಿನ್ನೆಸೋಟದವರಿಗೆ ಇವೆಲ್ಲ ಪುಸ್ತಕದ ಮಾತಾಗಿರಲಿಲ್ಲ. ಎರಡು ಸಲ ಕೈ ಸುಟ್ಟುಕೊಂಡ ಅನುಭವ ಅವರದು. ಎರಡೂ ಸಲ ಸುಟ್ಟದ್ದು ಬದಿಯಾಟಗಾರನಿಂದಲೇ. ಆದರೆ ಒಂದು ಸಲ ಬಿಟ್ಟುಕೊಟ್ಟದ್ದಕ್ಕೆ, ಇನ್ನೊಂದು ಸಲ ಹಿಡಿದುಕೊಂಡದ್ದಕ್ಕೆ!

ಬಿಟ್ಟುಹೋದವನು ಮರಿಯಾನ್ ಗಾಬೊರಿಕ್. ಆ ರಾಜ್ಯದ ಹಳೆಯ ತಂಡವಾದ ನಾರ್ತ್ ಸ್ಟಾರ್ಸ್ 1993ರಲ್ಲಿ ಗಂಟುಮೂಟೆ ಕಟ್ಟಿ ಟೆಕ್ಸಸ್ಸಿನ ಡಲ್ಲಾಸಿಗೆ ಹೊರಟುಹೋದ ಮೇಲೆ ಏಳು ವರ್ಷ ಅಲ್ಲಿ ಲೀಗಿನ ತಂಡವಿರಲಿಲ್ಲ. 2000ದಲ್ಲಿ ವೈಲ್ಡ್ ತಂಡ ಹುಟ್ಟಿದಾಗ ಹೊಸಬರ ಆಯ್ಕೆಯಲ್ಲಿ ಅದು ಕೂಗಿದ ಮೊಟ್ಟಮೊದಲ ಹೆಸರು ಸ್ಲೊವಾಕಿಯದ ಈ ಹುಡುಗನದು. 2007ರ ಡಿಸೆಂಬರ್ 20ರಂದು ನ್ಯೂಯಾರ್ಕ್ ರೇಂಜರ್ಸ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ ಸಾಹಸ ಅವನದು. ಮರು ಋತುವಿನಲ್ಲಿ ಗಾಯಗೊಂಡು 17 ಪಂದ್ಯಗಳಲ್ಲಿ ಮಾತ್ರ ಆಡಿದ. ಕರಾರು ಮುಗಿದಿತ್ತು. 2009ರ ಜುಲೈ ತಿಂಗಳಲ್ಲಿ, ತಾನು ಐದು ಗೋಲು ಹೊಡೆದ ಅದೇ ನ್ಯೂಯಾರ್ಕಿಗೆ ಹೊರಟುಹೋದ. ಕರಾರು ಮುಗಿದವನು ಹೋದರೆ ಹಳೆಯ ತಂಡಕ್ಕೆ ಪ್ರತಿಯಾಗಿ ಏನೂ ದೊರೆಯುವುದಿಲ್ಲ. ಅಲ್ಲಿ ಮೊದಲ ವರ್ಷವೇ 42 ಗೋಲು ಹೊಡೆದ; 2014ರಲ್ಲಿ ಲಾಸ್ ಏಂಜಲೀಸ್ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಆ ಸರಣಿಯಲ್ಲಿ ಎಲ್ಲರಿಗಿಂತ ಹೆಚ್ಚು, 14 ಗೋಲು, ಅವನವು.

ಈ ಕಹಿ ನಾಲಿಗೆಯ ಮೇಲಿರುವಾಗಲೇ 2012 ಬಂತು. ಆಗ ನ್ಯೂಜರ್ಸಿ ತಂಡದ ನಾಯಕ ಜಾಕ್ ಪರೀಸೆ ಕರಾರಿನಿಂದ ಬಿಡುಗಡೆಯಾಗಿದ್ದ. ಎಡಬದಿಯ ಆಟಗಾರ, ಒಮ್ಮೆ ಒಂದೇ ಋತುವಿನಲ್ಲಿ 45 ಗೋಲು ಹೊಡೆದವನು. ಸಾಲದ್ದಕ್ಕೆ ಮಿನ್ನೆಸೋಟದ ಮಣ್ಣಿನ ಮಗ. ಅವನ ತಂದೆ ನಾರ್ತ್ ಸ್ಟಾರ್ಸ್ ಪರವಾಗಿ ಆಡಿದವನು. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನದಂದು, ಪರೀಸೆಗೂ ರಯನ್ ಸೂಟರ್ ಎಂಬ ಹಿಂದಾಳಿಗೂ ತಲಾ 13 ವರ್ಷಗಳ ಕರಾರು, ತಲಾ 9 ಕೋಟಿ 80 ಲಕ್ಷ ಡಾಲರು. ರಾಜ್ಯವೆಲ್ಲ ಹಬ್ಬ ಮಾಡಿತು. ಕರಾರು ಮುಗಿಯುವ ಹೊತ್ತಿಗೆ ಇಬ್ಬರಿಗೂ ನಲವತ್ತು ತುಂಬುವುದೆಂಬ ಲೆಕ್ಕವನ್ನು ಅಂದು ಬಾಯಿಬಿಟ್ಟು ಹೇಳುವವರು ಕಡಮೆ.

ಪರೀಸೆ ಕೆಟ್ಟ ಆಟಗಾರನಾಗಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಅವನ ದುಡಿಮೆಯಲ್ಲಿ ಕಳ್ಳತನವಿರಲಿಲ್ಲ. 2014-15ರಲ್ಲಿ 33 ಗೋಲು ಹೊಡೆದ. ತಂದೆಯನ್ನು ಕಳೆದುಕೊಂಡದ್ದೂ ಅದೇ ಚಳಿಗಾಲದಲ್ಲಿ. ಆದರೆ ದೇಹಕ್ಕೆ ಅದರದೇ ಲೆಕ್ಕ. 2017ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. 2020-21ರಲ್ಲಿ 45 ಪಂದ್ಯಗಳಲ್ಲಿ 7 ಗೋಲು. ಆ ವರ್ಷ ಕಪ್ಪಿನ ಪಂದ್ಯಗಳು ಆರಂಭವಾದಾಗ ಅವನನ್ನು ಆಡಿಸದೆ ಹೊರಗೆ ಕೂಡಿಸಿದರು. 2021ರ ಜುಲೈ 13ರಂದು ಪರೀಸೆ, ಸೂಟರ್ ಇಬ್ಬರ ಕರಾರನ್ನೂ ಹಣ ಕೊಟ್ಟು ಮುರಿದದ್ದಾಯಿತು.

ಮುರಿದರೂ ಋಣ ಹರಿಯಲಿಲ್ಲ. ಉಳಿದಿದ್ದ ವರ್ಷಗಳು ನಾಲ್ಕು. ಕಟ್ಟಳೆಯ ಪ್ರಕಾರ ಅದರ ಇಮ್ಮಡಿ, ಎಂಟು ವರ್ಷ, ಅವರ ಹೆಸರಿನ ಒಂದು ಮೊತ್ತ ಮಿತಿಯ ಲೆಕ್ಕದಲ್ಲಿ ಕುಳಿತಿರತಕ್ಕದ್ದು. 2022-23ರಲ್ಲಿ 1 ಕೋಟಿ 27 ಲಕ್ಷ. ಮುಂದಿನ ಎರಡು ವರ್ಷ 1 ಕೋಟಿ 47 ಲಕ್ಷದಂತೆ. ತಂಡದಲ್ಲಿ ಇಲ್ಲದವರಿಗಾಗಿ ಒಟ್ಟು ಸಂಬಳದ ಆರರಲ್ಲಿ ಒಂದು ಪಾಲಿಗೂ ಮಿಗಿಲಾದ ಖರ್ಚು! ಇದರ ಏಟು ಬಿದ್ದದ್ದು ಮತ್ತೊಬ್ಬ ಬದಿಯಾಟಗಾರನ ಮೇಲೆ. ಕೆವಿನ್ ಫಿಯಾಲ ಎಂಬ ಸ್ವಿಟ್ಜರ್ಲೆಂಡಿನ ಆಟಗಾರ 2021-22ರಲ್ಲಿ 33 ಗೋಲು ಹೊಡೆದಿದ್ದ. ಅವನಿಗೆ ಕೊಡಲು ಮಿತಿಯೊಳಗೆ ಜಾಗವಿಲ್ಲದೆ 2022ರ ಜೂನಿನಲ್ಲಿ ಲಾಸ್ ಏಂಜಲೀಸಿಗೆ ಬಿಟ್ಟುಕೊಟ್ಟರು. 2023-24ರಲ್ಲಿ ತಂಡ ಕಪ್ಪಿನ ಪಂದ್ಯಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಕಪ್ರೀಜೊವ್ 46 ಗೋಲು ಹೊಡೆದ ವರ್ಷವದು.

ಇಷ್ಟನ್ನು ಉಂಡವರು ಮತ್ತೆ ದೀರ್ಘ ಕರಾರಿಗೆ ಕೈ ಹಾಕಲು ಹಿಂಜರಿದರೆ ತಪ್ಪೆನ್ನಲಾದೀತೆ? ಕಪ್ರೀಜೊವನ ಮೈಯೂ ಉಕ್ಕಿನದಲ್ಲ. 2024-25ರ 82 ಪಂದ್ಯಗಳಲ್ಲಿ ಅವನು ಆಡಿದ್ದು ಸರಿಯಾಗಿ ಅರ್ಧ, 41, ನಡುವೆ ಶಸ್ತ್ರಚಿಕಿತ್ಸೆ. ಆಡಿದಷ್ಟರಲ್ಲಿ 25 ಗೋಲು, 56 ಅಂಕ. ಮರಳಿ ಬಂದು ಲಾಸ್ ವೇಗಾಸ್ ತಂಡದೆದುರು ಆರು ಪಂದ್ಯಗಳಲ್ಲಿ ಐದು ಗೋಲು ಹೊಡೆದ; ತಂಡ ಸೋತಿತು. 2015ರಲ್ಲಿ ಸೇಂಟ್ ಲೂಯಿಸನ್ನು ಸೋಲಿಸಿದ ಮೇಲೆ ಆ ಹತ್ತು ವರ್ಷಗಳಲ್ಲಿ ವೈಲ್ಡ್ ತಂಡ ಕಪ್ಪಿನ ಒಂದೇ ಒಂದು ಸರಣಿಯನ್ನೂ ಗೆದ್ದಿರಲಿಲ್ಲ. ಶ್ರೇಷ್ಠನನ್ನು ಇಟ್ಟುಕೊಂಡೂ ಗೆಲ್ಲದವರು ಇಷ್ಟು ಹಣ ಸುರಿಯುವುದೇಕೆ ಎಂಬ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ.

ಉತ್ತರ ಬಂದದ್ದು ಬೇರೆ ಊರಿನಿಂದ. ಕಪ್ರೀಜೊವನನ್ನು ಆರಿಸಿದ 2015ರಲ್ಲಿಯೇ, ಮೊದಲ ಸುತ್ತಿನಲ್ಲಿ, ಇನ್ನಿಬ್ಬರು ಬದಿಯಾಟಗಾರರು ಆಯ್ಕೆಯಾಗಿದ್ದರು: ನಾಲ್ಕನೆಯವನು ಮಿಚ್ ಮಾರ್ನರ್, ಟೊರೊಂಟೊ ತಂಡಕ್ಕೆ, ಹತ್ತನೆಯವನು ಫಿನ್ಲೆಂಡಿನ ಮಿಕ್ಕೊ ರಾಂಟನೆನ್, ಕೊಲರಾಡೊ ತಂಡಕ್ಕೆ. ಇಬ್ಬರ ಕರಾರೂ 2025ರ ಬೇಸಗೆಗೆ ಮುಗಿಯುವಂತಿತ್ತು. ಟೊರೊಂಟೊದವರು ಕಾದು ಕುಳಿತರು. 102 ಅಂಕ ಗಳಿಸಿದ ಮಾರ್ನರ್ ಜೂನ್ ಕೊನೆಯ ದಿನ ಲಾಸ್ ವೇಗಾಸಿಗೆ ಹೋದ, ಎಂಟು ವರ್ಷಗಳ ಕರಾರಿನೊಡನೆ. ಅವನ ಬದಲಿಗೆ ಟೊರೊಂಟೊಗೆ ದೊರೆತದ್ದು ಒಬ್ಬ ಸಾಧಾರಣ ನಡುವಿನ ಆಟಗಾರ.

ಕೊಲರಾಡೊದವರು ಜಾಣರು, ಕಾಯಲಿಲ್ಲ. ಮಾತುಕತೆ ಕುದುರದೆಂದು ಕಂಡೊಡನೆ 2025ರ ಜನವರಿಯಲ್ಲಿ ರಾಂಟನೆನ್‌ನನ್ನು ಕ್ಯಾರೊಲೈನಕ್ಕೆ ಕೊಟ್ಟು ಬದಲಿಗೆ ಒಳ್ಳೆಯ ಆಟಗಾರರನ್ನೇ ಪಡೆದರು. ಅವನು ಅಲ್ಲಿ ನೆಲೆ ನಿಲ್ಲಲಿಲ್ಲ. ಮಾರ್ಚಿಯಲ್ಲಿ ಕ್ಯಾರೊಲೈನದವರು ಡಲ್ಲಾಸಿಗೆ ಕೊಟ್ಟರು. ಡಲ್ಲಾಸ್ ಎಂಟು ವರ್ಷಗಳಿಗೆ 9 ಕೋಟಿ 60 ಲಕ್ಷ ಕೊಟ್ಟು ಭದ್ರಪಡಿಸಿಕೊಂಡಿತು. ಕಪ್ಪಿನ ಮೊದಲ ಸುತ್ತಿನಲ್ಲಿ ಡಲ್ಲಾಸಿಗೆ ಎದುರಾದದ್ದು ಯಾರೆಂದುಕೊಂಡಿರಿ? ಕೊಲರಾಡೊ! ಆರು ಪಂದ್ಯಗಳು ಮುಗಿದು ಮೂರು-ಮೂರು. ಮೇ 3, ಏಳನೆಯ ಪಂದ್ಯ. ಕೊನೆಯ ಇಪ್ಪತ್ತು ನಿಮಿಷಗಳು ಉಳಿದಾಗ ಕೊಲರಾಡೊ ಎರಡು ಗೋಲು ಮುಂದೆ. ಆ ಇಪ್ಪತ್ತು ನಿಮಿಷಗಳಲ್ಲಿ ರಾಂಟನೆನ್ ಒಬ್ಬನೇ ಮೂರು ಗೋಲು ಹೊಡೆದ, ನಾಲ್ಕನೆಯದಕ್ಕೆ ನೆರವಾದ. ಡಲ್ಲಾಸ್ 4, ಕೊಲರಾಡೊ 2. ಹತ್ತು ವರ್ಷ ಸಾಕಿದ ಹುಡುಗನ ಕೈಯಿಂದಲೇ ಮನೆಗೆ ಕಳುಹಿಸಲ್ಪಟ್ಟ ಆ ತಂಡದವರ ಮುಖಗಳನ್ನು ಕಂಡವರು ಬದಿಯಾಟಗಾರ ಕೊನೆಗೆ ಎಂಬ ಸೂತ್ರವನ್ನು ಆ ರಾತ್ರಿಯ ಮಟ್ಟಿಗಾದರೂ ಮರೆತಿರಬೇಕು.

ಇನ್ನು ಮೂವತ್ತು ದಾಟಿದವನು ಗೋಲು ಹೊಡೆಯಲಾರನೆಂಬ ಮಾತು. 2008ರಲ್ಲಿ ವಾಷಿಂಗ್ಟನ್ ತಂಡ ತನ್ನ ರಷ್ಯನ್ ಬದಿಯಾಟಗಾರ ಅಲೆಕ್ಸಾಂಡರ್ ಒವೆಚ್ಕಿನ್‌ನೊಡನೆ 13 ವರ್ಷಗಳಿಗೆ 12 ಕೋಟಿ 40 ಲಕ್ಷದ ಕರಾರು ಮಾಡಿಕೊಂಡಾಗ ಹುಬ್ಬೇರಿಸಿದವರುಂಟು. ಹತ್ತು ವರ್ಷಗಳ ಬಳಿಕ, 2018ರಲ್ಲಿ, ಅವನು ಆ ಊರಿಗೆ ಮೊದಲ ಸ್ಟ್ಯಾನ್ಲಿ ಕಪ್ ತಂದ. 2025ರ ಏಪ್ರಿಲ್ 6ರಂದು, 39ರ ವಯಸ್ಸಿನಲ್ಲಿ, 895ನೆಯ ಗೋಲು ಹೊಡೆದು ವೇಯ್ನ್ ಗ್ರೆಟ್ಸ್‌ಕಿಯ ದಾಖಲೆಯನ್ನು ಮುರಿದ. ಒವೆಚ್ಕಿನ್ ಎಲ್ಲರಿಗೂ ಉದಾಹರಣೆಯಾಗಲಾರ, ನಿಜ, ಅಂಥವರು ತಲೆಮಾರಿಗೊಬ್ಬರು. ಆದರೆ ವಾಷಿಂಗ್ಟನ್ ಕರಾರು ಮಾಡಿಕೊಂಡಾಗ ಅವನಿಗೆ 22. ಪರೀಸೆಯನ್ನು ತಂದಾಗ ಅವನಿಗೆ 28 ತುಂಬುವುದರಲ್ಲಿತ್ತು. ಅವನ ಎಳೆಯ ಕಾಲುಗಳನ್ನು ನ್ಯೂಜರ್ಸಿ ಬಳಸಿಕೊಂಡಾಗಿತ್ತು. ಕಪ್ರೀಜೊವನ ಹೊಸ ಕರಾರು ಜಾರಿಗೆ ಬರುವುದು 2026ರ ಶರತ್ಕಾಲಕ್ಕೆ, 29ರಲ್ಲಿ. ವಯಸ್ಸಿನ ಲೆಕ್ಕ ಹಿಡಿದರೆ ಅವನು ಒವೆಚ್ಕಿನ್‌ಗಿಂತ ಪರೀಸೆಗೇ ಹತ್ತಿರ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ವ್ಯತ್ಯಾಸವಿರುವುದು ಎರಡು ಕಡೆ. ಹದಿಮೂರಕ್ಕೆ ಬದಲು ಎಂಟು ವರ್ಷ. ನಲವತ್ತಕ್ಕೆ ಬದಲು ಮೂವತ್ತೇಳು. ಆ ಐದು ವರ್ಷಗಳು ಸಣ್ಣವಲ್ಲ. ಪರೀಸೆಯ ಕರಾರಿನಲ್ಲಿ ವಿಷವಾದದ್ದು ಅಂಥ ವರ್ಷಗಳೇ. ಇನ್ನೊಂದು, ಮಿತಿಯ ಬೆಳವಣಿಗೆ. ಪರೀಸೆ ಬಂದ ಮರುವರ್ಷ ಮಿತಿ ಏರುವ ಬದಲು ಇಳಿಯಿತು. ಮುಂದೆ ಕೊರೋನದ ಹಾವಳಿಯಲ್ಲಿ 2019-20ರಿಂದ ಮೂರು ಋತು 8 ಕೋಟಿ 15 ಲಕ್ಷಕ್ಕೇ ನಿಂತುಬಿಟ್ಟಿತು. ಈಗಿನ ಗಾಳಿ ಬೇರೆ: 2025-26ಕ್ಕೆ 9 ಕೋಟಿ 55 ಲಕ್ಷ, ಮರುವರ್ಷ 10 ಕೋಟಿ 40 ಲಕ್ಷ, ಅದರ ಮುಂದಿನ ವರ್ಷ 11 ಕೋಟಿ 35 ಲಕ್ಷವೆಂದು ಮೊದಲೇ ಸಾರಲಾಯಿತು. 1 ಕೋಟಿ 70 ಲಕ್ಷವೆಂಬುದು ಮೊದಲ ವರ್ಷ ನೂರಕ್ಕೆ ಹದಿನಾರರಷ್ಟಿದ್ದರೆ ಎರಡನೆಯ ವರ್ಷಕ್ಕೇ ಹದಿನೈದಕ್ಕಿಳಿಯುತ್ತದೆ. ಸಂಬಳ ಏರುತ್ತಿರುವ ಮನೆಯವನು ಮಾಡಿದ ಸಾಲಕ್ಕೂ ಸಂಬಳ ನಿಂತವನು ಮಾಡಿದ ಸಾಲಕ್ಕೂ ಇರುವ ವ್ಯತ್ಯಾಸವಿದು. ಮೇಲಾಗಿ, ಬಿಟ್ಟರೆ ಸಿಗುವ ಇನ್ನೊಬ್ಬನೆಲ್ಲಿ? ಮಿನ್ನೆಸೋಟದಲ್ಲಿ ಚಳಿ ಹೆಚ್ಚು. ರಾಜ್ಯದ ಆದಾಯ ತೆರಿಗೆ ಮೇಲ್ಮಟ್ಟದಲ್ಲಿ ನೂರಕ್ಕೆ 9.85. ಟೆಕ್ಸಸ್, ಫ್ಲಾರಿಡ, ನೆವಾಡಗಳಲ್ಲಿ ಬಿಸಿಲು, ರಾಜ್ಯ ತೆರಿಗೆ ಸೊನ್ನೆ. ಕರಾರು ಮುಗಿದ ದೊಡ್ಡ ಆಟಗಾರ ತಾನಾಗಿ ಅಲ್ಲಿಗೆ ಬರುವುದು ಅಪರೂಪ. ಇರುವವನನ್ನು ಕಳೆದುಕೊಂಡರೆ ಗಾಬೊರಿಕ್ ಹೋದ ಮೇಲಿನ ವರ್ಷಗಳೇ ಮತ್ತೆ. ಎಲ್ಲವನ್ನೂ ತೂಗಿದರೆ ಇರಿಸಿಕೊಳ್ಳುವುದೇ ಸರಿ. ಕೊನೆಯ ಎರಡು ಮೂರು ವರ್ಷ ನಷ್ಟವೆಂದು ಈಗಲೇ ಬರೆದಿಟ್ಟುಕೊಂಡು, ಮೊದಲ ಐದರಲ್ಲಿ ಕಪ್ಪಿಗಾಗಿ ಜೀವ ತೇಯಬೇಕು.

ಯಜಮಾನ ಕ್ರೇಗ್ ಲೈಪೋಲ್ಡ್ ಮತ್ತು ವ್ಯವಸ್ಥಾಪಕ ಬಿಲ್ ಗೆರಿನ್ ಹಾಗೆಯೇ ಎಣಿಸಿದಂತೆ ತೋರುತ್ತದೆ. ಸೆಪ್ಟೆಂಬರ್ 30ರಂದು ಒಪ್ಪಂದವಾಯಿತು: ಎಂಟು ವರ್ಷ, 13 ಕೋಟಿ 60 ಲಕ್ಷ ಡಾಲರು. ಲೀಗಿನ ಚರಿತ್ರೆಯಲ್ಲಿಯೇ ಅದುವರೆಗಿನ ಅತಿ ದೊಡ್ಡ ಕರಾರು. ವಿನೋದವೆಂದರೆ, ಒಂದು ವಾರದೊಳಗೆ, ಜಗತ್ತಿನ ಶ್ರೇಷ್ಠ ಆಟಗಾರನೆಂದು ಎಲ್ಲರೂ ಒಪ್ಪುವ ಎಡ್ಮಂಟನ್ನಿನ ಕಾನರ್ ಮೆಕ್‌ಡೇವಿಡ್ ಎರಡೇ ವರ್ಷಗಳಿಗೆ, ವರ್ಷಕ್ಕೆ 1 ಕೋಟಿ 25 ಲಕ್ಷಕ್ಕೆ ರುಜು ಹಾಕಿದ. ಉಳಿದ ಹಣದಲ್ಲಿ ಜೊತೆಗಾರರನ್ನು ತನ್ನಿ ಎಂಬುದು ಅದರ ತಾತ್ಪರ್ಯ. ಕಪ್ರೀಜೊವನೂ ಹಾಗೆ ಮಾಡಬಹುದಿತ್ತಲ್ಲ ಎಂದು ಮಿನ್ನೆಸೋಟದಲ್ಲಿ ಕೆಲವರು ಗೊಣಗಿದ್ದುಂಟು. ಹಾಗೆ ಅಪೇಕ್ಷಿಸಬಹುದು, ಕೇಳುವ ಹಕ್ಕು ಯಾರಿಗೂ ಇಲ್ಲ.

ಜೊತೆಗಾರನನ್ನು ತರುವ ಕೆಲಸವೂ ತಡವಾಗಲಿಲ್ಲ. ಡಿಸೆಂಬರ್ 12ರಂದು ಗೆರಿನ್ ಮೂವರು ತರುಣ ಆಟಗಾರರನ್ನೂ ಮೊದಲ ಸುತ್ತಿನ ಒಂದು ಆಯ್ಕೆಯನ್ನೂ ವ್ಯಾಂಕೂವರಿಗೆ ಕೊಟ್ಟು ಕ್ವಿನ್ ಹ್ಯೂಸ್ ಎಂಬ ಅಗ್ರಗಣ್ಯ ಹಿಂದಾಳನ್ನು ಕರೆತಂದ. ಕೊಟ್ಟ ಮೂವರಲ್ಲಿ ಒಬ್ಬ, ಹಿಂದೆ ಫಿಯಾಲನನ್ನು ಬಿಟ್ಟಾಗ ದೊರೆತ ಆಯ್ಕೆಯಿಂದ ಬಂದವನು. ಹ್ಯೂಸನ ಕರಾರು 2027ಕ್ಕೆ ಮುಗಿಯುವಂಥದು.

ಇತ್ತ ಪರೀಸೆ 2023-24ರಲ್ಲಿ ಕೊಲರಾಡೊ ತಂಡದಲ್ಲಿ ಕೊನೆಯ ಬಾರಿ ಆಡಿ ಆಟದಿಂದ ನಿವೃತ್ತನಾದ. ಆದರೆ ಮಿನ್ನೆಸೋಟದ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನೆದುರು ವರ್ಷಕ್ಕೆ 8 ಲಕ್ಷದ 33 ಸಾವಿರ ಡಾಲರುಗಳ ಬಾಬತ್ತು 2028-29ರವರೆಗೆ ಉಳಿಯುತ್ತದೆ. ಕಪ್ರೀಜೊವನ ಎಂಟು ವರ್ಷಗಳಲ್ಲಿ ಮೊದಲ ಮೂರು ವರ್ಷ ಎರಡು ಹೆಸರುಗಳೂ ಒಂದೇ ಪಟ್ಟಿಯಲ್ಲಿರುತ್ತವೆ.